‘ಒಳಸುತ್ತು’ ಕಾಮಿಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

‘ಒಳಸುತ್ತು’ ಯುದ್ಧದಾಟದ ಕಾಮಿಕ್ಸ್. ಕತೆ ಹಾಸನದಲ್ಲಿ ಹುಟ್ಟುತ್ತದೆ, ಚಿತ್ರ ಸಕಲೇಶಪುರದಲ್ಲಿ ಆಗುತ್ತದೆ, ವಾರಕ್ಕೊಂದು ಪುಟ ಅಂತರ್ಜಾಲಕ್ಕೆ ಹೋಗುತ್ತದೆ. ಚೆನ್ನಿ ಹಾಗೇಕೆ ಮಾಡಿದಳು, ದೊರೆಗೆ ತಲೆ ಕೆಟ್ಟಿದೆಯಾ, ಈ ಲೋಕದ ಲೆಕ್ಕ ಏನು ಅಂತ ಸಿಕ್ಕಿದಲ್ಲೆಲ್ಲ ಕೇಳುತ್ತೀರಿ. ಉತ್ತರಗಳು ಒಂದು ಕಡೆ ಇರಲಿ ಅಂತ ಇದನ್ನು ಬರೆದಿದ್ದೇನೆ. ಎಂಟನೇ ಅಧ್ಯಾಯದವರೆಗಿನ ಗುಟ್ಟೆಲ್ಲ ಇಲ್ಲಿ ಬಿಚ್ಚಿದೆ. ಇನ್ನೂ ಓದಿಲ್ಲ ಅಂದರೆ ಓದಿಕೊಂಡು ಬನ್ನಿ.

ಇದು ಚೌಕಾಬಾರ ತಾನೇ?

ಹೌದು, ಕವಡೆ ಹಾಕಿ ಕಾಯಿ ನಡೆಸುವ ಆ ಆಟವೇ. ಐದಕ್ಕೆ ಐದು, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ನಾಲ್ಕು ದಿಕ್ಕಿಗೆ ನಾಲ್ಕು ರಾಜ್ಯ, ಒಂದೊಂದಕ್ಕೆ ನಾಲ್ಕು ಕಾಯಿ. ನಮ್ಮ ಕತೆಯಲ್ಲಿ ಕಾಯಿ ಅಂದರೆ ಒಂದು ದಂಡು. ಮನೆ ಅಂದರೆ ಕೆರೆ, ಹಳ್ಳಿ, ಕಾಡು ಎಲ್ಲ ಸೇರಿದ ಒಂದು ಸೀಮೆ. ಬೆಳಗಾದರೆ ಪ್ರತಿ ಅರಮನೆಯಲ್ಲೂ ಕವಡೆ ಬೀಳುತ್ತದೆ. ಬಿದ್ದ ಗರದಷ್ಟು ಮನೆ ಒಂದು ದಂಡು ನಡೆಯಬಹುದು. ಉಳಿದ ದಂಡುಗಳು ನಿಂತಲ್ಲೇ ನಿಲ್ಲಬೇಕು.

ಆಟದ ನಿಯಮ ಊರೂರಿಗೆ ಬೇರೆ. ಹಾಗಾಗಿ ನಾವು ಯಾವುದನ್ನು ಹಿಡಿದಿದ್ದೇವೆ ಅಂತ ಹೇಳಿಬಿಡುತ್ತೇನೆ. ಹೊರಸುತ್ತಿನಲ್ಲಿ ಅಪ್ರದಕ್ಷಿಣೆ, ಒಳಸುತ್ತಿನಲ್ಲಿ ಪ್ರದಕ್ಷಿಣೆ. ಹಿಂದಕ್ಕೆ ಹೆಜ್ಜೆ ಇಡುವ ಹಾಗಿಲ್ಲ. ನಾಲ್ಕು ಹುಟ್ಟುಮನೆಗಳೂ ಕಟ್ಟೆ, ಅಲ್ಲಿ ಯಾರೂ ಯಾರನ್ನೂ ಕಡಿಯುವ ಹಾಗಿಲ್ಲ. ಕಡಿಸಿಕೊಂಡ ದಂಡು ಹುಟ್ಟುಮನೆಯಿಂದ ಮತ್ತೆ ಶುರು ಮಾಡಬೇಕು. ನಡುಮನೆ ಮುಟ್ಟಿದ ದಂಡು ಹಣ್ಣು. ಇನ್ನೊಬ್ಬರ ದಂಡನ್ನು ಒಮ್ಮೆಯಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವ ಹಾಗಿಲ್ಲ. ಕೆಲವರ ಮನೆಯಲ್ಲಿ ಒಂದು ಕಾಯಿ ಕಡಿದರೆ ಆ ಆಟಗಾರನ ಎಲ್ಲ ಕಾಯಿಗೂ ದಾರಿ ಬಿಡುತ್ತಾರೆ. ನಮ್ಮಲ್ಲಿ ಪ್ರತಿ ದಂಡೂ ತಾನೇ ಕಡಿಯಬೇಕು. ಮೊದಲ ಏಟು ಅದರ ಮುಂದಾಳುವೇ ಹಾಕಬೇಕು.

ಈ ಕೊನೆಯ ಎರಡು ಸಾಲು ನೆನಪಿಟ್ಟುಕೊಳ್ಳಿ. ಇಡೀ ಕತೆ ನಿಂತಿರುವುದು ಅದರ ಮೇಲೆ.

ಯುದ್ಧದ ಕತೆಗೆ ಚದುರಂಗ ಇತ್ತಲ್ಲ, ಇದೇ ಯಾಕೆ?

ಚದುರಂಗದಲ್ಲಿ ಸೋತರೆ ತಪ್ಪು ನಿಮ್ಮದೇ. ಯುದ್ಧ ಹಾಗಿರುವುದಿಲ್ಲ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಸೇನೆಯವರಿಗೆ ಒಂದು ಯುದ್ಧದಾಟ ಮಾಡಿಕೊಟ್ಟ. 1:8000 ಅಳತೆಯ ನಕ್ಷೆ, ಒಂದು ಸರದಿಗೆ ಎರಡು ನಿಮಿಷದ ಯುದ್ಧ, ನಡುವೆ ಒಬ್ಬ ಅಂಪೈರ್. ಏಟು ಎಷ್ಟು ಬಿತ್ತು ಅನ್ನುವುದನ್ನು ದಾಳ ಹೇಳುತ್ತಿತ್ತು. ಲೆಕ್ಕ ಸರಿಯಿದ್ದೂ ಕೈಕೊಟ್ಟಾಗ ಏನು ಮಾಡುತ್ತೀಯ ಅನ್ನುವುದೇ ಅಲ್ಲಿನ ಪಾಠ. ಪಾತ್ರದ ಗುಣ ಕಾಣುವುದೂ ಆಗಲೇ. ಗರ ಎಂಟು ಬಿದ್ದಾಗ ಎಲ್ಲರೂ ಶೂರರೇ. ಒಂದು ಬಿದ್ದಾಗ, ಹಣ್ಣಾದ ಮಕ್ಕಳ ಹಿಂದೆ ಹೋಗಲು ಕಾದಿರುವ ಮಾಳವ್ವೆಯ ಮುಖ ನೋಡಿ.

ಕಡಿಸಿಕೊಂಡವರು ಸಾಯುವುದಿಲ್ಲ ಅಂದ ಮೇಲೆ ಭಯ ಯಾತಕ್ಕೆ?

ಅವರು ಹುಟ್ಟುಮನೆಯಲ್ಲಿ ಕಣ್ಣು ಬಿಡುತ್ತಾರೆ, ಸರಿ. ಆದರೆ ಕೋಟೆ ಬಿಟ್ಟ ದಿನದಿಂದ ನಡೆದದ್ದು ಒಂದೂ ನೆನಪಿರುವುದಿಲ್ಲ. ಒಂದು ದಂಡು ಹೊರಸುತ್ತು ಮುಗಿಸಲು ವರ್ಷಗಳೇ ಹಿಡಿಯುತ್ತವೆ. ದಾರಿಯಲ್ಲಿ ಮದುವೆಯಾದವರಿದ್ದಾರೆ, ಮಗು ಹೆತ್ತವರಿದ್ದಾರೆ. ಕಡಿದ ಮರುಗಳಿಗೆ ಆ ಹೆಂಡತಿ, ಆ ಮಗು ಯಾರೋ ಏನೋ. ಮೈ ಮಾತ್ರ ಮುದಿಯಾಗಿರುತ್ತದೆ. ಮೂರನೇ ಅಧ್ಯಾಯದಲ್ಲಿ ಮುದುಕನೊಬ್ಬ ತನ್ನ ಬಿಳಿ ಗಡ್ಡ ಮುಟ್ಟಿ ನೋಡಿಕೊಂಡು, ‘ಯಾರ್ದಿದು?’ ಅಂತ ಕೇಳುತ್ತಾನಲ್ಲ, ಆ ಪುಟಕ್ಕೆ ನಮ್ಮ ಚಿತ್ರಗಾರರು ಬೇರೆ ಮಾತೇ ಬೇಡ ಅಂದರು.

ಕಡಿಸಿಕೊಂಡವರ ಮನೆಗೆ ದೊರೆ ಹೊಲ ಕೊಡುತ್ತಾನೆ. ಇದು ನಮ್ಮ ಕಲ್ಪನೆಯಲ್ಲ. ಯುದ್ಧದಲ್ಲಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡುವ ಪದ್ಧತಿ ಕನ್ನಡನಾಡಿನಲ್ಲಿತ್ತು. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು 450ರದ್ದು ಅನ್ನುತ್ತಾರೆ. ಅದರಲ್ಲಿರುವ ಸಂಗತಿ ಏನು? ಯುದ್ಧದಲ್ಲಿ ಕೈ ತೋರಿಸಿದ ವಿಜ ಅರಸನಿಗೆ ಪಾಲ್ಮಡಿ, ಮೂಳಿವಳ್ಳಿ ಎಂಬ ಎರಡು ಊರು ಕೊಟ್ಟದ್ದು. ಹಾಗಾಗಿ ‘ಈ ಸೈನಿಕರು ಸುಮ್ನೆ ಯಾಕೆ ಹೋಗುತ್ತಾರೆ, ಓಡಿಹೋಗಬಾರದಾ’ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಮನೆಗೆ ಎರಡು ಎಕರೆ ಗದ್ದೆ ಬರುತ್ತದೆ. ಅದು ಸಣ್ಣ ಕಾರಣ ಅಲ್ಲ.

ಚೆನ್ನಿ ಹೇಡಿನಾ? ಅವಳೊಬ್ಬಳು ಕತ್ತಿ ಎತ್ತಿದ್ದರೆ ಇಷ್ಟು ಹೊತ್ತಿಗೆ ಕತೆ ಮುಗಿಯುತ್ತಿತ್ತಲ್ಲ!

ಚೆನ್ನಿ ಮೂಡಣ ರಾಜ್ಯದ ನಾಲ್ಕನೇ ದಂಡಿನ ಮುಂದಾಳು, ಆದರೆ ಯಾರನ್ನೂ ಕಡಿಯುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸ್ವಲ್ಪ ಸಿಟ್ಟಿನಲ್ಲೇ ಬರುತ್ತದೆ.

ಎರಡನೇ ಅಧ್ಯಾಯ ತೆಗೆಯಿರಿ. ಚೆನ್ನಿ ಕಡಿಸಿಕೊಂಡು ಮೂಡಣ ಕೋಟೆಯಲ್ಲಿ ಕಣ್ಣು ಬಿಡುತ್ತಾಳೆ. ಕೋಟೆ ಬಾಗಿಲ ಕಟ್ಟೆಯ ಮೇಲೆ ತೆಂಕಣ ದಂಡಿನವರು ಊಟಕ್ಕೆ ಕೂತಿದ್ದಾರೆ. ಕಟ್ಟೆಮನೆಯಲ್ಲವೇ, ಅವರನ್ನು ಯಾರೂ ಏನೂ ಮಾಡುವ ಹಾಗಿಲ್ಲ. ಅವಳನ್ನು ಕಡಿದವನೇ ಅಲ್ಲಿದ್ದಾನೆ. ಮುದ್ದೆ ಮುರಿಯುತ್ತಿದ್ದವನು ಅವಳನ್ನು ನೋಡಿ, ತಟ್ಟೆ ಎಳೆದುಕೊಂಡು, ಪಕ್ಕಕ್ಕೆ ಸರಿದು, ‘ಬಾ ತಂಗ್ಯವ್ವ, ಕೂತ್ಕ’ ಅನ್ನುತ್ತಾನೆ. ಒಳ್ಳೆಯ ಮನುಷ್ಯ. ಇವಳಿಗೆ ಎಲ್ಲ ಮರೆತಿದೆ ಅಂತ ಅವನ ನಂಬಿಕೆ. ಮರೆತಿಲ್ಲ. ಆ ಲೋಕದಲ್ಲಿ ಕಡಿಸಿಕೊಂಡೂ ಎಲ್ಲ ನೆನಪಿರುವವಳು ಇವಳೊಬ್ಬಳೇ. ಕೊರಳ ಹತ್ತಿರ ಬಂದ ಅವನ ಕೈ ನೆನಪಿದೆ. ಆ ಕೈಯೇ ಈಗ ಸಾರು ಬಡಿಸುತ್ತಿದೆ. ಅವಳು ಕೂರುತ್ತಾಳೆ, ಉಣ್ಣುತ್ತಾಳೆ.

ಉಳಿದವರಿಗೆ ಕಡಿಯುವುದು ಅಂದರೆ ಎದುರಿನವನನ್ನು ಹಿಂದಕ್ಕೆ ಕಳಿಸುವುದು, ಅಷ್ಟೇ. ಕಡಿಸಿಕೊಂಡವನಿಗೇ ದ್ವೇಷ ಇರುವುದಿಲ್ಲ, ಇನ್ನು ಕಡಿದವನಿಗೆ ಪಾಪಪ್ರಜ್ಞೆ ಎಲ್ಲಿಂದ ಬರಬೇಕು? ಕಡಿಯುವುದು ಏನು ಅಂತ ಒಳಗಿನಿಂದ ಗೊತ್ತಿರುವುದು ಚೆನ್ನಿಗೆ ಮಾತ್ರ. ಮಗುವಿನ ಹೆಸರು ಬಾಯಿಂದ ಜಾರಿಹೋಗುವ ಆ ಗಳಿಗೆ ಅವಳಿಗೆ ಗೊತ್ತು. ಹೇಡಿಯಾಗಿದ್ದರೆ ಕಡಿಸಿಕೊಳ್ಳಲು ಹೆದರಬೇಕಿತ್ತು. ಆರನೇ ಅಧ್ಯಾಯದಲ್ಲಿ ಬರಿಗೈಯಲ್ಲಿ ಹೋಗಿ ನಿಲ್ಲುತ್ತಾಳಲ್ಲ?

ಅವಳಿಗೆ ಮಾತ್ರ ನೆನಪು ಯಾಕೆ ಉಳಿಯಿತು ಅನ್ನುವುದಕ್ಕೆ ಕಾರಣ ಇದೆ. ಅವಳನ್ನು ಕಡಿದ ದಿನ ಬಿದ್ದ ಗರ ಯಾವುದು, ಎಷ್ಟು ಕವಡೆ ಅಂಗಾತ ಇವೆ, ಒಂದು ಕವಡೆ ಎಲ್ಲಿ ನಿಂತಿದೆ, ಚಿತ್ರದಲ್ಲಿ ನೋಡಿ. ಇನ್ನು ಮುಂದೆ ಹೇಳುವುದಿಲ್ಲ.

ಹಾಗಾದರೆ ಚೆನ್ನಿ ಬಾಹುಬಲಿ ಇದ್ದ ಹಾಗೆ?

ಶ್ರವಣಬೆಳಗೊಳ ಇಷ್ಟು ಹತ್ತಿರ ಇರುವಾಗ ಈ ಪ್ರಶ್ನೆ ಬರದೆ ಇರುತ್ತದೆಯೇ? ಆದರೆ ನಾನು ಒಪ್ಪುವುದಿಲ್ಲ. ಭರತ, ಬಾಹುಬಲಿ ಇಬ್ಬರ ಸೇನೆಯೂ ಎದುರುಬದುರು ನಿಂತಾಗ ಮಂತ್ರಿಗಳು ಹೇಳಿದರು, ಜನ ಸಾಯುವುದು ಬೇಡ, ನೀವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ ಅಂತ. ಬಾಹುಬಲಿ ಮೂರರಲ್ಲೂ ಗೆದ್ದ. ಗೆದ್ದ ಮೇಲೆ ಬಿಟ್ಟು ನಡೆದ. ಅವನ ತ್ಯಾಗಕ್ಕೆ ತೂಕ ಬರುವುದು ಗೆದ್ದದ್ದರಿಂದ. ಚೆನ್ನಿ ಏನನ್ನೂ ಗೆದ್ದಿಲ್ಲ. ಬಿಟ್ಟುಹೋಗಲು ಅವಳಿಗೆ ಜಾಗವೂ ಇಲ್ಲ. ಆ ಲೋಕದಲ್ಲಿ ಹಿಂದಕ್ಕೆ ದಾರಿ ಇಲ್ಲ, ಕಡಿಯದೆ ಒಳಕ್ಕೂ ದಾರಿ ಇಲ್ಲ. ಹೊರಸುತ್ತನ್ನೇ ಮತ್ತೆ ಮತ್ತೆ ಸುತ್ತುತ್ತಿರಬೇಕು. ತ್ಯಾಗಕ್ಕಿಂತ ಇದು ಬೇರೆ ಕಷ್ಟ.

ಆದರೆ ಆ ಕತೆಯಿಂದ ನಾವು ಒಂದನ್ನು ಎತ್ತಿಕೊಂಡಿದ್ದೇವೆ. ಭರತನಿಗೆ ತಮ್ಮನ ಮೇಲೆ ಹೋಗಬೇಕು ಅನ್ನಿಸಿದ್ದು ಯಾವಾಗ? ದಿಗ್ವಿಜಯ ಮುಗಿಸಿ ಬಂದಾಗ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಾಗ. ತಮ್ಮಂದಿರು ತಲೆಬಾಗದೆ ಅದು ಒಳಗೆ ಬರುವುದಿಲ್ಲ. ಕೊನೆಗೆ ಅದನ್ನೇ ತಮ್ಮನ ಮೇಲೆ ಬಿಟ್ಟರೆ, ಅದು ಅವನನ್ನು ಸುತ್ತು ಹಾಕಿ ಸುಮ್ಮನಾಯಿತು. ಒಂದು ವಸ್ತುವಿನ ನಿಯಮ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಿತು. ಅದೇ ನಿಯಮ ತಮ್ಮನನ್ನು ಉಳಿಸಿತು. ನಮ್ಮ ಕವಡೆಗಳ ಕೆಲಸವೂ ಇದೇ.

ಕೇತಯ್ಯ ದೊರೆ ದಡ್ಡನಾ? ಒಳ್ಳೊಳ್ಳೆ ಗರ ಎಲ್ಲ ಹಾಳು ಮಾಡುತ್ತಾನೆ.

ಏಳನೇ ಅಧ್ಯಾಯದವರೆಗೆ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅಂದುಕೊಳ್ಳಲಿ ಅಂತಲೇ ನಾವೂ ಬಿಟ್ಟಿದ್ದೆವು.

ಮೂಡಣ ರಾಜ್ಯದ ಮೂರು ದಂಡು ಆಗಲೇ ಹಣ್ಣಾಗಿವೆ. ಹಣ್ಣಾದವರು ವಾಪಸ್ ಬರುವುದಿಲ್ಲ. ನಾಲ್ಕನೆಯದೂ ಹಣ್ಣಾದರೆ ಕೇತಯ್ಯ ಗೆದ್ದ. ಗೆದ್ದ ದಿನ ಅವನ ಕೋಟೆಯಲ್ಲಿ ಕತ್ತಿ ಹಿಡಿಯುವವನು ಒಬ್ಬನೂ ಇರುವುದಿಲ್ಲ. ಖಾಲಿ ಕೋಟೆ ಹೇಗಿರುತ್ತದೆ ಅಂತ ಅವನು ಹುಡುಗನಾಗಿದ್ದಾಗ ಕಂಡಿದ್ದಾನೆ. ಅವನಪ್ಪ ತೆಂಕಣದ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ಸಿಕ್ಕೀತು ಅಂತ ನಾಲ್ಕೂ ದಂಡನ್ನು ಅತ್ತ ಓಡಿಸಿದ. ಇತ್ತ ಬಡಗಣದವರು ಬಂದು ಕೂತರು. ಕಟ್ಟೆಮನೆಯಲ್ಲಿ ಆಳನ್ನು ಕಡಿಯುವ ಹಾಗಿಲ್ಲ, ನಿಜ. ಬೊಕ್ಕಸ ಒಡೆಯಬಾರದು ಅಂತ ನಿಯಮ ಎಲ್ಲೂ ಹೇಳಿಲ್ಲ. ಅಪ್ಪನಿಗೆ ತಿರುಗಿ ಬರಲು ದಾರಿ ಇರಲಿಲ್ಲ, ಸುತ್ತು ಹಾಕಿಯೇ ಬರಬೇಕಿತ್ತು.

‘ರಾಜಧಾನಿ ಬಿಟ್ಟು ಯಾವ ದೊರೆ ಹಾಗೆ ಹೋಗುತ್ತಾನೆ, ನಂಬೋಕಾಗಲ್ಲ’ ಅನ್ನುವವರು ಹಳೇಬೀಡಿಗೆ ಹೋಗಿ ಬನ್ನಿ. 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದಾಗ ಮೂರನೇ ವೀರ ಬಲ್ಲಾಳ ತಮಿಳುನಾಡಿನ ಕಡೆ ಇದ್ದ. ಪಾಂಡ್ಯ ಅಣ್ಣತಮ್ಮಂದಿರ ಜಗಳ ಅವನನ್ನು ಅಲ್ಲಿಗೆ ಎಳೆದಿತ್ತು. ಓಡಿಬಂದು ಸಂಧಿ ಮಾಡಿಕೊಳ್ಳಬೇಕಾಯಿತು. ಅವನು ದಡ್ಡನೇನಲ್ಲ, ಆಮೇಲೂ ಮೂವತ್ತು ವರ್ಷ ರಾಜ್ಯ ಆಳಿದ.

ಈಗ ಕೇತಯ್ಯನ ಕಡೆಯಿಂದ ಯೋಚನೆ ಮಾಡಿ. ಸೋಲಬಾರದು, ಗೆಲ್ಲಲೂಬಾರದು. ಹಾಗಿದ್ದರೆ ನಾಲ್ಕನೇ ದಂಡಿಗೆ ಯಾರನ್ನು ಮುಂದಾಳು ಮಾಡಬೇಕು? ಎಂದೂ ಕಡಿಯದವಳನ್ನು. ಚೆನ್ನಿಗೆ ಆ ಪಟ್ಟ ಸಿಕ್ಕಿದ್ದು ಹೀಗೆ. ದೊರೆಗೆ ತನ್ನ ಮೇಲೆ ವಿಶ್ವಾಸ ಅಂತ ಅವಳು ಅಂದುಕೊಂಡಿದ್ದಾಳೆ. ವಿಶ್ವಾಸವೇನೋ ಹೌದು, ಅವಳು ಅಂದುಕೊಂಡಿದ್ದಲ್ಲ.

ಅಂದರೆ ಮಾಳವ್ವೆ ಸರಿ, ದೊರೆ ತಪ್ಪು?

ಮಾಳವ್ವೆಯ ಇಬ್ಬರು ಗಂಡುಮಕ್ಕಳು ಮೂರನೇ ದಂಡಿನ ಜೊತೆ ಹಣ್ಣಾಗಿ ಹೋದರು. ಅವಳಿಗೆ ರಾಜ್ಯ ಗೆಲ್ಲುವುದು ಬೇಕಿಲ್ಲ, ಮಕ್ಕಳ ಹಿಂದೆ ಹೋಗುವುದು ಬೇಕು. ನಾಲ್ಕನೇ ದಂಡಿನ ಜೊತೆ ಹೊರಡುತ್ತೇನೆ ಅಂದರೆ ದೊರೆ ಕೋಟೆ ಬಿಡಲು ಬಿಡುತ್ತಿಲ್ಲ. ಇಬ್ಬರಿಗೂ ಅವರವರ ಕಾರಣ ಗಟ್ಟಿಯಾಗಿದೆ. ವಿಲನ್ ಯಾರು ಅಂತ ಕೇಳುವವರಿಗೂ ಇದೇ ಉತ್ತರ. ಕತೆ ಮುಂದೆ ಹೋಗಲಿ ಅಂತ ಯಾರನ್ನಾದರೂ ಕೆಟ್ಟವರನ್ನಾಗಿ ಮಾಡುವುದು ನಮಗೆ ಬೇಡ. ಪುಟ ಬರೆಯುವ ಮುಂಚೆ ಆ ಪಾತ್ರದ ಜಾಗದಲ್ಲಿ ಕೂತು ಕವಡೆ ಹಾಕುತ್ತೇನೆ. ಆ ಗರಕ್ಕೆ, ಆ ಭಯಕ್ಕೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಪಾತ್ರವೂ ಮಾಡಬೇಕು. ಕತೆಗೆ ಅದರಿಂದ ತೊಂದರೆಯಾದರೆ ಕತೆ ಬದಲಾಗುತ್ತದೆ, ಗರ ಬದಲಾಗುವುದಿಲ್ಲ.

ಹಣ್ಣಾದವರು ಎಲ್ಲಿಗೆ ಹೋಗುತ್ತಾರೆ?

ಆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು. ಹೇಳಲ್ಲ.

ಗರುಡ ಲಕ್ಕನಿಗೆ ಮಾತ್ರ ನಿಜವಾದ ಸಾವು ಯಾಕೆ?

ಅವನು ಮಾತು ಕೊಟ್ಟಿದ್ದಾನೆ. ಹೊಯ್ಸಳರ ಕಾಲದಲ್ಲಿ ದೊರೆ ಸತ್ತರೆ ನಾವೂ ಬದುಕುವುದಿಲ್ಲ ಅಂತ ಆಣೆ ಮಾಡಿದ ಅಂಗರಕ್ಷಕರು ಇದ್ದರು. ಗರುಡರು ಅಂತಲೇ ಅವರನ್ನು ಕರೆಯುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಕಂಬ ಇದೆ. ಎರಡನೇ ವೀರ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಬಿಟ್ಟದ್ದನ್ನು ಅದರಲ್ಲಿ ಬರೆದಿದೆ. ಬಂದವರೆಲ್ಲ ಗೋಡೆಯ ಶಿಲ್ಪ ನೋಡಿಕೊಂಡು ಹೋಗುತ್ತಾರೆ, ಕಂಬದ ಹತ್ತಿರ ನಿಲ್ಲುವವರು ಕಡಿಮೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಸಣ್ಣ ಸಣ್ಣ ಚಿತ್ರಗಳು ಅದರ ಮೇಲಿವೆ.

ನಮ್ಮ ಲೋಕದಲ್ಲಿ ಆಣೆ ಮಾಡಿದ ಗರುಡ ಮತ್ತೆ ಕಣ್ಣು ಬಿಡುವುದಿಲ್ಲ. ಲಕ್ಕನಿಗೆ ಇನ್ನೂ ಇಪ್ಪತ್ತು ತುಂಬಿಲ್ಲ, ದೊರೆಗೆ ಎಪ್ಪತ್ತು. ಅವನು ದೊರೆಯ ಎದೆ ಉಜ್ಜುವುದು, ಕಷಾಯ ಕುದಿಸುವುದು, ರಾತ್ರಿ ಎದ್ದು ಉಸಿರು ಕೇಳುವುದು ಪ್ರೀತಿಗಾ, ಜೀವಭಯಕ್ಕಾ? ಇದನ್ನು ಕೇಳಬೇಡಿ. ಅವನಿಗೇ ಗೊತ್ತಿಲ್ಲ.

ನಂಜಿಗೆ ಲೆಕ್ಕ ಬರುತ್ತದಲ್ಲ, ಗರ ಎಣಿಸಿ ಗೆಲ್ಲಬಾರದಾ?

ಲೆಕ್ಕದಿಂದ ಏನು ಸಿಗುತ್ತದೆ ನೋಡಿ. ನಾಲ್ಕು ಕವಡೆ, ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಅಂದುಕೊಂಡರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ಎರಡು ಬೀಳುವುದು 6, ಒಂದು ಬೀಳುವುದು 4, ಮೂರು ಬೀಳುವುದು 4. ಚೌಕ ಅಂದರೆ ನಾಲ್ಕು ಒಂದು ಸಲ, ಬಾರ ಅಂದರೆ ಎಂಟು ಒಂದು ಸಲ. ಸರಾಸರಿ ಎರಡೂವರೆ ಮನೆ. ಅಂದರೆ ಶತ್ರು ಎರಡು ಮನೆ ಹಿಂದೆ ಇದ್ದರೆ ಅಪಾಯ ಜಾಸ್ತಿ, ಐದು ಮನೆ ಹಿಂದೆ ಇದ್ದರೆ ಒಂದೇ ಗರಕ್ಕೆ ತಲುಪುವ ಹಾಗಿಲ್ಲ, ಚೌಕ ಬಿದ್ದು ಮತ್ತೆ ಹಾಕಿದಾಗ ಒಂದು ಬೀಳಬೇಕು. ನಂಜಿ ದಂಡನ್ನು ಯಾವಾಗಲೂ ಐದು ಮನೆ ದೂರದಲ್ಲಿ ನಿಲ್ಲಿಸುವುದು ಇದಕ್ಕೇ. ಒಂದನೇ ಅಧ್ಯಾಯದಿಂದ ಎಣಿಸಿ ನೋಡಿ, ಗೊತ್ತಾಗುತ್ತದೆ.

ಆದರೆ ನಿಜವಾದ ಕವಡೆ ಸಮವಾಗಿ ಬೀಳುವುದಿಲ್ಲ. ಒಂದೊಂದು ಕವಡೆಗೆ ಒಂದೊಂದು ಬೆನ್ನು. ಪಡುವಣ ಅರಮನೆಯ ಕವಡೆ ಕದಿಯಲು ಅವಳು ಒದ್ದಾಡುವುದು ಅದನ್ನು ಮಾರಲಿಕ್ಕಲ್ಲ, ಹಾಕಿ ಹಾಕಿ ಅದರ ಚಾಳಿ ತಿಳಿಯಲಿಕ್ಕೆ.

ಬೇರೆ ದೇಶದ ದಂಡು ಬಂದರೆ ಹಳ್ಳಿಯವರು ಅವರಿಗೆ ಒಳ್ಳೆ ಗರ ಬೀಳಲಿ ಅಂತ ಹರಕೆ ಹೊರುತ್ತಾರಲ್ಲ, ಏನು ತಮಾಷೆ?

ತಮಾಷೆ ಅಲ್ಲ, ಆನೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಇಪ್ಪತ್ತು ಆನೆಯ ದಂಡು ಅಂದರೆ ದಿನಕ್ಕೆ ಮೂರು ಟನ್. ಗರ ಬೇರೆ ದಂಡಿಗೆ ಹೋಗಿ ಇವರು ನಾಲ್ಕು ದಿನ ನಿಂತರೆ 12 ಟನ್. ಆಲೂರು, ಸಕಲೇಶಪುರದ ಕಡೆ ತೋಟ, ಗದ್ದೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶತ್ರು ಗೆಲ್ಲಲಿ ಸೋಲಲಿ, ಮೊದಲು ಇಲ್ಲಿಂದ ಹೊರಡಲಿ. ಅಷ್ಟೇ ಆ ಹರಕೆ.

ಕುರಿಹಟ್ಟಿಯವರು ಕವಡೆನೇ ಹಾಕದೆ ಓಡಾಡುತ್ತಾರೆ. ಇದು ನಿಯಮ ಮುರಿದ ಹಾಗಲ್ವಾ?

ಅವರದು ಬೇರೆ ಆಟ. ಆಡು-ಹುಲಿ ಆಟ ಆಡಿದ್ದೀರಾ? ಮೂರು ಹುಲಿ, ಹದಿನೈದು ಆಡು. ಹುಲಿ ಹಾರಿ ಕೊಲ್ಲುತ್ತದೆ. ಆಡು ಏನನ್ನೂ ಕೊಲ್ಲಲಾರದು, ಸುತ್ತುವರಿದು ಹುಲಿಯನ್ನು ಕದಲದ ಹಾಗೆ ಮಾಡಿದರೆ ಗೆದ್ದಂತೆ. ಅಲ್ಲಿ ಕಾಯಿ ನಿಲ್ಲುವುದು ಮನೆಯೊಳಗಲ್ಲ, ಗೆರೆ ಸೇರುವ ಕಡೆ. ನಮ್ಮ ಲೋಕದಲ್ಲೂ ಹಾಗೇ. ಎರಡು ಸೀಮೆಯ ನಡುವಿನ ಗೆರೆ ಅಂದರೆ ಘಟ್ಟ, ಕಣಿವೆ, ಹೊಳೆದಂಡೆ. ದಂಡಿನವರ ಕಣ್ಣಿಗೆ ಅದು ಬರೀ ಗಡಿ. ಕುರಿಹಟ್ಟಿಯವರು ಬದುಕುವುದೇ ಅಲ್ಲಿ. ಮನೆಯೊಳಗೆ ಇಲ್ಲದವರನ್ನು ಕಡಿಯಲು ಆಗುವುದಿಲ್ಲ.

ಎರಡು ಆಟ ಒಂದೇ ನೆಲದ ಮೇಲೆ ಬಂದರೆ ಏನಾಗುತ್ತದೆ? ಎಂಟನೇ ಅಧ್ಯಾಯ ಪೂರ್ತಿ ಇದೇ. ಅವರು ಒಂದು ಗೆರೆಯ ಮೇಲೆ ಒತ್ತೊತ್ತಾಗಿ ನಿಂತರೆ ದಂಡು ಆ ಗಡಿ ದಾಟುವಂತಿಲ್ಲ, ಬಾರ ಬಿದ್ದರೂ ದಂಡ. ಒಂದು ಹನಿ ರಕ್ತ ಇಲ್ಲದೆ ಒಂದು ರಾಜ್ಯದ ಸರದಿ ನಿಂತುಹೋಗುತ್ತದೆ. ಚೆನ್ನಿ ಅದನ್ನು ಬಾಯಿ ಬಿಟ್ಟುಕೊಂಡು ನೋಡುವ ಪುಟ ಇದೆಯಲ್ಲ, ಕಡಿಯದೆ ಯುದ್ಧ ಮಾಡಬಹುದು ಅಂತ ಅವಳಿಗೆ ಹೊಳೆದದ್ದು ಅಲ್ಲಿ. ಅವರಿಗೂ ತೊಂದರೆ ಇಲ್ಲ ಅಂತಲ್ಲ. ಅವರ ಹುಲಿಗಳು ಯಾರು ಅಂತ ಇನ್ನೂ ತೋರಿಸಿಲ್ಲ.

ಪಡುವಣ ಕೋಟೆ ಮಂಜರಾಬಾದ್ ತಾನೇ?

ಆಕಾರ ಅದರದ್ದೇ. ಸಕಲೇಶಪುರದ ಆ ಕೋಟೆ ಎಂಟು ಮೂಲೆಯ ನಕ್ಷತ್ರ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಮೂಲೆಗಳು ಹೊರಕ್ಕೆ ಚಾಚಿರುವುದರಿಂದ ಒಂದು ಗೋಡೆಯ ಬುಡಕ್ಕೆ ಬಂದವನು ಪಕ್ಕದ ಗೋಡೆಯವನ ಕಣ್ಣಿಗೆ ಬೀಳುತ್ತಾನೆ. ಅವಿತುಕೊಳ್ಳಲು ಜಾಗ ಇಲ್ಲ. ಕಟ್ಟೆಮನೆಯಲ್ಲಿ ಕಡಿಯುವಂತಿಲ್ಲ ಅಂದ ಮೇಲೆ ಇಷ್ಟು ಕಾವಲು ಯಾಕೆ? ಬೊಕ್ಕಸಕ್ಕೆ. ಬಡಗಣದವರು ಮೂಡಣದಲ್ಲಿ ಏನು ಮಾಡಿದರು ಅಂತ ಪಡುವಣದವರೂ ಕೇಳಿದ್ದಾರೆ.

ಕಡಿಯುವ ಪುಟಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಾ?

ಹೌದು, ವೀರಗಲ್ಲಿನ ಹಾಗೆ. ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಅಪ್ಸರೆಯರು ಸತ್ತ ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಮುಂದೆ ಅವನು ಕೂತಿರುವುದು. ನಮ್ಮದರಲ್ಲಿ ಕೆಳಗೆ ಏಟು, ನಡುವೆ ಬರೀ ಬಿಳಿ, ಮೇಲೆ ಹುಟ್ಟುಮನೆ. ಫೋನಿನಲ್ಲಿ ಓದುವವರಿಗೆ ಕಿರಿಕಿರಿ ಅಂತ ಗೊತ್ತು. ಬದಲಾಯಿಸುವುದಿಲ್ಲ.

ಚೆನ್ನಿಗೂ ಆ ಮುದ್ದೆಯವನಿಗೂ ಮದುವೆ ಮಾಡಿಸ್ತೀರಾ?

ಇಲ್ಲ.

ಇದನ್ನು ನಾವೂ ಆಡಬಹುದಾ?

ಧಾರಾಳವಾಗಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಳ್ಳಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ಒಂದು ಮಗ್ಗುಲು ತೇಯ್ದರೆ ಆಯಿತು. ಪ್ರತಿ ಕಾಯಿಗೂ ಒಂದು ಹೆಸರು, ಒಂದು ಆಸೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಕಡಿಸಿಕೊಂಡಾಗ ಚೀಟಿ ಹರಿಯಿರಿ. ಮೂರು ಸಲ ಸಾಲಾಗಿ ಚೌಕ ಬಿದ್ದರೆ ಗರ ರದ್ದಾಗುತ್ತದಾ ಇಲ್ಲವಾ ಅನ್ನುವುದನ್ನು ಮಾತ್ರ ಶುರು ಮಾಡುವ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ನನ್ನನ್ನು ಪಂಚಾಯ್ತಿಗೆ ಕರೆಯಬೇಡಿ.